ಹತ್ತು: ತಾನಾಗಿ ಕೂಡುವುದರ ಕ್ರಿಯಾಪದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಾತಿನಿಂದ ‘ಹತ್ತು’ ಎಂಬ ಒಂದೇ ಒಂದು ಕ್ರಿಯಾಪದವನ್ನು ಕಿತ್ತುಹಾಕಿದರೆ ಅರ್ಧ ದಿನವೂ ಸಂಸಾರ ಸಾಗದು. ‘ಬಸ್ ಹತ್ತು’, ‘ಗುಡ್ಡ ಹತ್ತು’ ಎಂಬುದು ಎಲ್ಲ ಕನ್ನಡಿಗರಿಗೂ ಗೊತ್ತು. ಈ ಕಡೆ ಅದರ ಕೆಲಸ ಇನ್ನೂ ದೊಡ್ಡದು. ರಾತ್ರಿಯೆಲ್ಲ ಹೊರಳಾಡಿದವರಿಗೆ ‘ನಿದ್ದಿ ಹತ್ತಿರೂದುಲ್ಲ’. ಒಲೆಯ ಮುಂದೆ ಮಾತಿಗೆ ಕೂತರೆ ‘ಅನ್ನ ತಳಾ ಹತ್ತತದ’. ಬಹಳ ವರ್ಷದ ಮೇಲೆ ಕಂಡವರ ‘ಗುರ್ತ ಹತ್ತೂದುಲ್ಲ’. ಮದುವೆಗೆ ‘ಎಷ್ಟ ರೊಕ್ಕಾ ಹತ್ತತದ’ ಎಂದು ಲೆಕ್ಕ ಹಾಕುತ್ತಾರೆ. ಬಡಕಲು ಹುಡುಗನಿಗೆ ‘ಉಂಡದ್ದು ಮೈಗಿ ಹತ್ತೂದುಲ್ಲ’, ಅವನ ಅಣ್ಣನಿಗೆ ‘ಸಾಲಿ ತಲಿಗಿ ಹತ್ತೂದುಲ್ಲ’. ದೀಪ ಹತ್ತುತ್ತದೆ, ಚಟ ಹತ್ತುತ್ತದೆ, ಸಾಲಗಾರ ಬೆನ್ನು ಹತ್ತುತ್ತಾನೆ. ಇಷ್ಟು ಸಾಲದೆಂಬಂತೆ, ನಡೆಯುತ್ತಿರುವ ಯಾವ ಕೆಲಸವನ್ನು ಹೇಳಬೇಕಾದರೂ ಇದೇ ಪದ ಬರಬೇಕು: ‘ಮಳಿ ಬರ್ಲಾಕ ಹತ್ತೇದ’, ‘ನಾ ಉಣ್ಲಾಕ ಹತ್ತೀನಿ’.

ಇಷ್ಟೆಲ್ಲ ಅರ್ಥಗಳು ಒಂದೇ ಬೇರಿನವೇ? ಮೊದಲು ಒಂದನ್ನು ಹೊರಗಿಡಬೇಕು. ಎಣಿಕೆಯ ಹತ್ತಕ್ಕೂ ಈ ಕ್ರಿಯಾಪದಕ್ಕೂ ಸಂಬಂಧವಿಲ್ಲ. ಹಳಗನ್ನಡದಲ್ಲಿ ಎರಡೂ ‘ಪತ್ತು’ ಎಂದೇ ಇದ್ದುದರಿಂದ ಕನ್ನಡದೊಳಗೆ ನಿಂತು ನೋಡಿದರೆ ಬೇರೆ ಮಾಡುವುದು ಕಷ್ಟ. ತಮಿಳಿಗೆ ಹೋದರೆ ಗಂಟು ಬಿಚ್ಚುತ್ತದೆ. ಅಲ್ಲಿ ಎಣಿಕೆಯದು ‘ಪತ್ತು’, ಅಂಟಿಕೊಳ್ಳುವುದು ‘ಪಱ್ಱು’. ತಮಿಳಿನ ಆ ಗಡಸು ಱಕಾರದ ಒತ್ತು ಕನ್ನಡದಲ್ಲಿ ತ್ತ ಆಗುವುದು ನಿಯಮವೇ. ಅಲ್ಲಿನ ‘ಸುಱ್ಱು’ ಇಲ್ಲಿ ಸುತ್ತು, ‘ವಱ್ಱು’ ಬತ್ತು, ‘ಪುಱ್ಱು’ ಹುತ್ತ. ಅದೇ ದಾರಿಯಲ್ಲಿ ‘ಪಱ್ಱು’ ನಮ್ಮಲ್ಲಿ ‘ಪತ್ತು’ ಆಯಿತು. ಮುಂದೆ ಹಾಲು, ಹಾವು, ಹೂವುಗಳ ಪಕಾರ ಸವೆದು ಹಕಾರವಾದಾಗ ಇದೂ ಅವುಗಳ ಜೊತೆ ಹೊರಟು ‘ಹತ್ತು’ ಆಯಿತು. ಹತ್ತನೆಯ ಶತಮಾನದ ಆಸುಪಾಸಿನ ಶಾಸನಗಳಲ್ಲಿ ಇಣುಕತೊಡಗಿದ ಈ ಹಕಾರ ನಡುಗನ್ನಡದ ಹೊತ್ತಿಗೆ ಪೂರ್ತಿ ನೆಲೆಯೂರಿತು. ಬಾಗೇವಾಡಿಯ ಬಸವಣ್ಣ ಬದುಕಿದ ಹನ್ನೆರಡನೆಯ ಶತಮಾನ ಈ ಎರಡು ರೂಪಗಳ ನಡುವಿನ ಕಾಲ. ತುಳುವಿನವರು ಪಕಾರ ಬಿಡಲಿಲ್ಲ. ಅವರಲ್ಲಿ ‘ಪತ್ತುನಿ’ ಎಂದರೆ ಇವತ್ತಿಗೂ ಹಿಡಿಯುವುದು.

ಅಕ್ಕತಂಗಿ ಭಾಷೆಗಳಲ್ಲಿ ಇದೇ ಬೇರು ಎಲ್ಲೆಲ್ಲಿ ಹಬ್ಬಿದೆ ನೋಡಿ. ತಮಿಳಿನಲ್ಲಿ ಬೆಂಕಿ ತಗಲುವುದೂ ‘ಪಱ್ಱು’, ವಿರಾಗಿ ಬಿಡಬೇಕಾದ ಮಮಕಾರವೂ ‘ಪಱ್ಱು’, ಒಂದು ವಿಷಯವನ್ನು ಕುರಿತು ಎನ್ನಲಿಕ್ಕೆ ‘ಪಱ್ಱಿ’. ಮಲಯಾಳಿ ‘ಪಱ್ಱುಂ’ ಎಂದರೆ ‘ಆಗುತ್ತದೆ’. ‘ಎಂತು ಪಱ್ಱಿ’ ಎಂದರೆ ‘ಏನಾಯಿತು’. ಎಲ್ಲದರ ಬುಡದಲ್ಲೂ ಇರುವುದು ಒಂದು ಬಂದು ಇನ್ನೊಂದನ್ನು ತಾಗಿ ಅಲ್ಲಿ ನಿಲ್ಲುವ ಚಿತ್ರ. ಬೆಂಕಿ ಬತ್ತಿಗೆ ತಾಗಿ ನಿಂತರೆ ದೀಪ ಹತ್ತಿತು. ಅಕ್ಷರ ತಲೆಗೆ ತಾಗಿ ನಿಂತರೆ ಸಾಲಿ ಹತ್ತಿತು. ಕೈಕಾಲು ಮರವನ್ನು ಹಿಡಿಹಿಡಿದು ಮೇಲೆ ಸಾಗುವುದೇ ಏರುವ ಅರ್ಥಕ್ಕೂ ದಾರಿಯಾಗಿರಬೇಕು. ತಾಗುವಷ್ಟು ಸಮೀಪ ಇರುವುದು ‘ಹತ್ತಿರ’.

ನಡೆಯುತ್ತಿರುವ ಕೆಲಸಕ್ಕೆ ಈ ಪದ ಬಂದದ್ದರಲ್ಲೂ ವಿಚಿತ್ರವೇನಿಲ್ಲ. ಕೆಲಸಕ್ಕೆ ಹತ್ತಿಕೊಂಡವನು ಕೆಲಸ ಶುರುಮಾಡಿದವನು, ಶುರುಮಾಡಿ ಬಿಡದವನು ಮಾಡುತ್ತಲೇ ಇರುವವನು. ಗ್ರಂಥದ ಕನ್ನಡದ ‘ತೊಡಗು’ ಕೂಡ ಇಂಥ ದಾರಿಯಲ್ಲೇ ನಡೆದ ಪದ. ಅದರ ಬಳಗದ ‘ತೊಡರು’, ‘ತೊಡಕು’ಗಳಲ್ಲಿ ಸಿಕ್ಕಿಕೊಳ್ಳುವ ಅರ್ಥ ಇನ್ನೂ ಹಸಿಯಾಗಿದೆ. ಅಂಟುವುದರಿಂದ ಆರಂಭ, ಆರಂಭದಿಂದ ಮುಂದುವರಿಕೆ: ದಕ್ಷಿಣದ ಭಾಷೆಗಳಿಗೆ ಇದು ಪರಿಚಿತ ಹಾದಿ.

ಇನ್ನೊಂದು ಸಂಗತಿ ಈ ಪದದ ಬೆನ್ನೆಲುಬು. ‘ಹತ್ತು’ ಎಂಬುದಕ್ಕೆ ಮಾಡುವವನು ಬೇಕಾಗಿಲ್ಲ. ಮಣ್ಣು ಕಾಲಿಗೆ ಹತ್ತುತ್ತದೆ, ದೀಪ ಹತ್ತುತ್ತದೆ, ತಳ ಹತ್ತುತ್ತದೆ, ಯಾರೂ ಹತ್ತಿಸಬೇಕಾಗಿಲ್ಲ. ಮಾಡುವವನು ಬಂದ ಕೂಡಲೇ ಪದ ಬದಲಾಗುತ್ತದೆ, ‘ಹಚ್ಚು’ ಆಗುತ್ತದೆ. ಗೋಡೆಗೆ ಸುಣ್ಣ ಹಚ್ಚುತ್ತಾರೆ, ಲಕೋಟೆಗೆ ಟಿಕೇಟು ಹಚ್ಚುತ್ತಾರೆ, ಗಾಯಕ್ಕೆ ಎಣ್ಣೆ ಹಚ್ಚುತ್ತಾರೆ, ದೀಪ ಹಚ್ಚುತ್ತಾರೆ. ಹತ್ತುವುದು ವಸ್ತುವಿನ ಗುಣ, ಹಚ್ಚುವುದು ಕೈಯ ಕೆಲಸ. ಈ ವ್ಯತ್ಯಾಸವನ್ನು ವಿಜಯಪುರ ಜಿಲ್ಲೆಯ ಮೂರು ವರ್ಷದ ಮಗುವೂ ತಪ್ಪುವುದಿಲ್ಲ. ಇದೇ ವ್ಯತ್ಯಾಸ ಕಳೆದ ಐವತ್ತು ವರ್ಷಗಳಿಂದ ರಸಾಯನಶಾಸ್ತ್ರ, ಭೌತಶಾಸ್ತ್ರಗಳ ಒಂದು ದೊಡ್ಡ ಕ್ಷೇತ್ರದ ತಿರುಳೂ ಹೌದು. ಅಣುಗಳು ಯಾರೂ ಜೋಡಿಸದೆ ತಾವೇ ಕೂಡಿ, ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಾದ ನ್ಯಾನೊಮೀಟರಿನ ಲೆಕ್ಕದಲ್ಲಿ ಅಚ್ಚುಕಟ್ಟಾದ ರಚನೆಗಳಾಗುವುದು ಹೇಗೆ ಎಂಬುದು ಆ ಕ್ಷೇತ್ರದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಈ ನಾಲ್ಕೂ ತಾಲೂಕುಗಳ ಕಾಲಿಗೆ ಹತ್ತುವ ಮಣ್ಣಿನಲ್ಲೇ ಅದು ಇದೆ.

ಡೋಣಿ ಹೊಳೆಯ ಎಡಬಲದ ಹೊಲಗಳನ್ನು ನೋಡಿದವರಿಗೆ ಯರಿ ಎಂಬ ಕಪ್ಪು ಮಣ್ಣಿನ ಸ್ವಭಾವ ಗೊತ್ತು. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ತೋಳು ಇಳಿಯುವಷ್ಟು ಅಗಲದ ಬಿರುಕುಗಳು. ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬಾಯಿ ಮುಚ್ಚುತ್ತದೆ. ನಡುವಿನ ಒಂದು ಹಂತದಲ್ಲಿ ಹೆಜ್ಜೆ ಇಟ್ಟರೆ ಕಾಲಿನ ಜೊತೆ ಸೇರುಗಟ್ಟಲೆ ಮಣ್ಣು ಎದ್ದು ಬರುತ್ತದೆ. ‘ಹದಾ ಬರ್ಲಿ ತಡಿಯೋ ತಮ್ಮಾ, ಈಗ ಕೂರಿಗಿ ಹೂಡಿದ್ರ ಮಣ್ಣ ಹತ್ತತದ’ ಎಂದು ಹಿರಿಯರು ತಡೆಯುವುದು ಆ ಹಂತದಲ್ಲೇ.

ದಖ್ಖನ್ನಿನ ಲಾವಾ ಹರಿದು ತಣಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆ ಕರಿಗಲ್ಲು ಮಳೆಗಾಳಿಗೆ ಕರಗಿ ಉಳಿದ ಜೇಡಿಯೇ ಯರಿಯ ಬಹುಪಾಲು. ಅದರ ಮುಖ್ಯ ಖನಿಜ ಸ್ಮೆಕ್ಟೈಟ್. ಅದರ ಒಂದೊಂದು ಕಣವೂ ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಖಡಕ್ ರೊಟ್ಟಿಗಳ ಹಾಗೆ ತೆಳು ಹಾಳೆಗಳ ಅಡಕಲು. ಒಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಒಣ ಸ್ಥಿತಿಯಲ್ಲಿ ಒಂದು ಮಿಲಿಮೀಟರಿಗೆ ಹತ್ತು ಲಕ್ಷ ಹಾಳೆ ಹಿಡಿಯುತ್ತವೆ. ಇಷ್ಟು ತೆಳುವಾದ್ದರಿಂದಲೇ ಒಂದು ಗ್ರಾಂ ಸ್ಮೆಕ್ಟೈಟಿನ ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಏಳೆಂಟುನೂರು ಚದರ ಮೀಟರ್ ಹರಡಬಲ್ಲವು. ಅಷ್ಟೂ ಮೈ ನೀರಿಗೆ, ಲವಣಕ್ಕೆ, ಕಬ್ಬಿಣಕ್ಕೆ, ಕಾಲಿಗೆ ತಾಗಲು ಸಿದ್ಧ.

ಹಾಳೆಗಳು ಒಂದಕ್ಕೊಂದು ಹತ್ತುವುದು ಯಾವುದರಿಂದ? ಪ್ರತಿ ಹಾಳೆಯ ಮೇಲೂ ಋಣ ವಿದ್ಯುದಂಶವಿದೆ. ಋಣಕ್ಕೆ ಋಣ ಆಗಿಬರುವುದಿಲ್ಲ, ದೂರ ತಳ್ಳಬೇಕು. ಆದರೆ ನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳ ಧನ ಅಯಾನುಗಳು ಕೂತಿರುತ್ತವೆ. ಇತ್ತಲ ಹಾಳೆಯನ್ನೂ ಅತ್ತಲ ಹಾಳೆಯನ್ನೂ ಅವು ಎಳೆದಿಡುತ್ತವೆ. ಹಾಳೆಗಳು ತೀರ ಸಮೀಪ ಬಂದಾಗ ವಾನ್ ಡರ್ ವಾಲ್ಸ್ ಸೆಳೆತವೆಂಬ ಮಂದ ಬಲವೂ ಸೇರುತ್ತದೆ. ಮಳೆನೀರು ಒಳಹೊಕ್ಕರೆ ಅದು ಸೇರುವುದು ಈ ಅಯಾನುಗಳ ಸುತ್ತ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಒಣಗಿದಾಗ ಹಾಳೆಯಿಂದ ಹಾಳೆಗೆ ಸುಮಾರು 1 ನ್ಯಾನೊಮೀಟರ್ ಇದ್ದ ಅಂತರ, ನೀರಿನ ಒಂದು ಪದರ ಬಂದರೆ 1.25, ಎರಡು ಬಂದರೆ 1.5, ಮೂರು ಬಂದರೆ 1.9ರ ಹತ್ತಿರ. ಈ ಹೆಜ್ಜೆಗಳನ್ನು ಎಕ್ಸ್-ಕಿರಣಗಳಿಂದ ಅಳೆಯಬಹುದು. ಹೊಲದ ಬಿರುಕು ಮುಚ್ಚಿಕೊಳ್ಳುವುದು ಇಂಥ ಅಸಂಖ್ಯ ಸಣ್ಣ ಹೆಜ್ಜೆಗಳು ಒಟ್ಟುಗೂಡಿ. ಬಿಸಿಲು ಬಿದ್ದರೆ ನೀರು ಅದೇ ಮೆಟ್ಟಿಲಿಳಿದು ಹೋಗುತ್ತದೆ, ನೆಲ ಮತ್ತೆ ಬಾಯಿ ಬಿಡುತ್ತದೆ.

ಹದದ ಗುಟ್ಟೂ ಇಲ್ಲೇ ಇದೆ. ಒಣ ಮಣ್ಣಿನಲ್ಲಿ ಹಾಳೆ ಹಾಳೆಗೇ ಗಟ್ಟಿಯಾಗಿ ಹತ್ತಿರುತ್ತದೆ, ಬೇರೆಯದಕ್ಕೆ ಹತ್ತಲು ಪುರುಸೊತ್ತಿಲ್ಲ. ನೀರು ವಿಪರೀತವಾದರೆ ಹಾಳೆಗಳು ಜಾರಾಡುತ್ತವೆ, ಮಣ್ಣು ರಾಡಿಯಾಗಿ ಹರಿಯುತ್ತದೆ. ನಡುವೆ, ನೀರಿನ ತೆಳು ಪೊರೆ ಮಣ್ಣನ್ನೂ ಕೂರಿಗೆಯ ಕಬ್ಬಿಣವನ್ನೂ ಸೇರಿಸಿ ಎಳೆಯುವ ಒಂದು ಹೊತ್ತಿದೆ, ಆಗಲೇ ಅದು ಹತ್ತುವುದು. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಜೇಡಿಯ ಸ್ಥಿತಿಗಳಿಗೆ ಗಡಿ ಗೊತ್ತುಮಾಡಿದಾಗ, ಲೋಹಕ್ಕೆ ಅಂಟುವುದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಒಂದು ಗಡಿಯಾಗಿ ಲೆಕ್ಕಕ್ಕೆ ತೆಗೆದುಕೊಂಡ. ಯರಿ ಹೊಲದ ಒಕ್ಕಲಿಗ ಬೊಗಸೆ ಮಣ್ಣು ಹಿಸುಕಿ ಹದ ನೋಡುವುದು ಇದೇ ಅಳತೆ. ಬಿಜಾಪುರದಲ್ಲಿ (ಈಗಿನ ವಿಜಯಪುರ) 1933ರಲ್ಲಿ ಶುರುವಾದ ಒಣಬೇಸಾಯದ ಸಂಶೋಧನೆಯೂ, ಮಳೆಯ ನೀರನ್ನು ಈ ಮಣ್ಣಿನೊಳಗೆ ಎಷ್ಟು ದಿನ ಹಿಡಿದಿಡಬಹುದು ಎಂಬುದರ ಬೆನ್ನು ಹತ್ತಿದ್ದೇ. ಹಿಂಗಾರಿ ಬಿಳಿಜೋಳ ತೆನೆ ಕಟ್ಟುವುದು ಬೀಳುವ ಮಳೆಗಿಂತ ಹೆಚ್ಚಾಗಿ ಹಾಳೆಗಳ ನಡುವೆ ಹತ್ತಿ ಕೂತ ನೀರಿನ ಬಲದ ಮೇಲೆ.

ಹತ್ತುವುದು ಕೆಟ್ಟರೆ ಏನಾಗುತ್ತದೆಂಬುದಕ್ಕೂ ಈ ಸೀಮೆಯಲ್ಲಿ ಒಂದು ಪದವಿದೆ: ಸವಳು. ಎರಡು ಪಟ್ಟು ವಿದ್ಯುದಂಶದ ಕ್ಯಾಲ್ಸಿಯಂ ಇದ್ದಾಗ ಹಾಳೆಗಳು 1.9 ನ್ಯಾನೊಮೀಟರಿನಲ್ಲಿ ನಿಲ್ಲುತ್ತವೆ, ಮತ್ತೆ ಸರಿಯುವುದಿಲ್ಲ. ಆ ಜಾಗಕ್ಕೆ ಒಂಟಿ ವಿದ್ಯುದಂಶದ ಸೋಡಿಯಂ ಬಂದು ಕೂತರೆ ಹಿಡಿತ ಸಡಿಲ. ನೀರು ನುಗ್ಗಿದಷ್ಟೂ ಹಾಳೆಗಳು ದೂರ ದೂರ ಸರಿದು, ಕೊನೆಗೆ ಒಂದನ್ನೊಂದು ಪೂರ್ತಿ ಬಿಟ್ಟು ನೀರಿನಲ್ಲಿ ತೇಲಾಡುತ್ತವೆ. ಮಣ್ಣಿನ ಹೆಂಟೆ ಕರಗುತ್ತದೆ, ಬಿಡಿ ಹಾಳೆಗಳು ಹೋಗಿ ಕಿಂಡಿಗಳನ್ನು ಮುಚ್ಚುತ್ತವೆ, ನೀರು ಇಂಗದೆ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗದು. ಹಾಳೆಗಳು ಹಿಡಿದಿಟ್ಟ ಅಯಾನುಗಳಲ್ಲಿ ಸೋಡಿಯಂನ ಪಾಲು ನೂರಕ್ಕೆ 15 ದಾಟಿದರೆ ಅದನ್ನು ಕ್ಷಾರ ಭೂಮಿ ಎಂದು ಎಣಿಸುವುದು ವಾಡಿಕೆ. ಯರಿಯಂಥ ಭಾರಿ ಜೇಡಿಗೆ ಅದಕ್ಕಿಂತ ಕಡಿಮೆಯೂ ಸಾಕು. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ನೀರು ಬಂದ ಕಪ್ಪು ನೆಲಗಳಲ್ಲಿ, ಬಸಿದು ಹೋಗಲು ದಾರಿಯಿಲ್ಲದ ಕಡೆ, ‘ಸವಳು ಜವಳು’ ಎಂಬ ಜೋಡಿಪದ ಸರಕಾರಿ ಕಡತಕ್ಕೂ ಏರಿದೆ. ಲವಣ ಏರಿದ್ದು ಸವಳು, ನೀರು ನಿಂತದ್ದು ಜವಳು.

ಹೊಲದಲ್ಲಿ ಶಾಪವಾದ ಸವಳು ಮಣ್ಣು ಮಾಳಿಗೆಯ ಮೇಲೆ ವರ. ಈ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊತ್ತು ಹಾಕುತ್ತಿದ್ದರು. ಮಾಳಿಗೆ ಸೋರಬಾರದು ಎಂಬುದಷ್ಟೇ ಅವರಿಗೆ ಬೇಕಾದದ್ದು. ಬಿಡಿಬಿಡಿಯಾದ ಹಾಳೆಗಳು ಮೊದಲ ಮಳೆಗೆ ಹರಡಿ ಕಿಂಡಿಗಳಲ್ಲಿ ಕೂತು ಮುಚ್ಚಳವಾಗುತ್ತವೆ. ನೀರು ಒಳಗಿಳಿಯದು. ಅಣುವಿನ ಲೆಕ್ಕದಲ್ಲಿ ಎರಡೂ ಒಂದೇ ಘಟನೆ. ಒಂದು ಕಡೆ ಬೆಳೆ ಹೋಯಿತು, ಇನ್ನೊಂದು ಕಡೆ ಮನೆ ಉಳಿಯಿತು.

ಬಲವಾಗಿ ಅಂಟಿದಷ್ಟೂ ರಚನೆ ಚೆನ್ನ ಎಂದು ನಮಗೆ ಅನಿಸುವುದುಂಟು. ತಾನಾಗಿ ಕೂಡುವ ಕೆಲಸದಲ್ಲಿ ಅದು ತಲೆಕೆಳಗು. ಲೆಕ್ಕ ನೋಡಿ. ನೀರಿನ ಒಂದು ಅಣುವಿನೊಳಗೆ ಆಮ್ಲಜನಕ, ಜಲಜನಕಗಳ ಬಂಧ ಕಡಿಯಲು ಒಂದು ಮೋಲಿಗೆ ಸುಮಾರು 460 ಕಿಲೋಜೂಲ್ ಬೇಕು. ಒಂದು ನೀರಿನ ಅಣು ಪಕ್ಕದ ಅಣುವಿಗೆ ಹತ್ತಿಕೊಂಡ ಜಲಜನಕ ಬಂಧ ಬಿಡಿಸಲು 20ರ ಆಸುಪಾಸು ಸಾಕು. ಕೋಣೆಯ ಶಾಖದಲ್ಲಿ ಅಣುಗಳು ಸುಮ್ಮನೆ ಕುಣಿಯುವ ಶಕ್ತಿಯೇ 2.5ರಷ್ಟು. ಹಾಗಾಗಿ ಮೊದಲನೆಯದು ಕುಣಿತಕ್ಕೆ ಜಗ್ಗುವುದಿಲ್ಲ. ಎರಡನೆಯದು ಒಂದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನ ಹೊತ್ತು ಹತ್ತಿ, ಬಿಟ್ಟು, ಇನ್ನೊಂದಕ್ಕೆ ಹತ್ತುತ್ತದೆ. ಈ ಬಿಡುವ ಗುಣವೇ ಗೆಲುವು. ತಪ್ಪು ಜಾಗದಲ್ಲಿ ಕೂತ ಅಣು ಬಿಟ್ಟು ಎದ್ದು ಸರಿಯಾದ ಜಾಗ ಹುಡುಕಬಹುದು. ಮೊದಲ ಸಲ ತಾಗಿದಲ್ಲೇ ಖಾಯಂ ಅಂಟಿಬಿಟ್ಟರೆ ಸಿಗುವುದು ಕ್ರಮವಿಲ್ಲದ ಗುಡ್ಡೆ. ಒಂದೊಂದು ಹಿಡಿತವೂ ದುರ್ಬಲ. ನೂರಾರು ಹಿಡಿತಗಳು ಒಮ್ಮೆಲೇ ಸರಿಕೂತರೆ ಒಟ್ಟು ರಚನೆ ಗಟ್ಟಿ. ಜೀವಕೋಶದ ಪೊರೆ, ಸೋಪಿನ ನೀರಿನೊಳಗಿನ ಅಣುಗುಂಪುಗಳು, ಡಿಎನ್ಎಯ ಎರಡು ಎಳೆ ಎಲ್ಲವೂ ಈ ನಿಯಮದ ಕೂಸುಗಳು. ಇಂಥ ಸಡಿಲ ಹಿಡಿತಗಳ ರಸಾಯನಶಾಸ್ತ್ರಕ್ಕೆ 1987ರ ನೊಬೆಲ್ ಸಂದಿತು. ಪಡೆದವರು ಡೊನಾಲ್ಡ್ ಕ್ರಾಮ್, ಜಾನ್-ಮಾರಿ ಲೆನ್, ಚಾರ್ಲ್ಸ್ ಪೆಡರ್ಸನ್.

ಅದಕ್ಕೆ ಹತ್ತು ವರ್ಷ ಮುಂಚೆಯೇ ಕರ್ನಾಟಕದಲ್ಲಿ ಈ ಬಗೆಯ ಒಂದು ದೊಡ್ಡ ಶೋಧ ನಡೆದಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ 1977ರಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಂದಿಗೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡರು. ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯ ಹಾಗೆ ಉದ್ದವಾಗಿರಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ಇವರ ಅಣುವಿನ ನಡುವೆ ಚಪ್ಪಟೆ ಬೆಂಜೀನ್ ಉಂಗುರ, ಸುತ್ತ ಆರು ಬಾಲ. ನಡುವಿನ ಚಪ್ಪಟೆ ಭಾಗಗಳು ಒಂದರ ಮೇಲೊಂದು ಹತ್ತಿ ಕಂಬಗಳಾದವು, ಕಂಬಗಳು ಪಕ್ಕಪಕ್ಕದಲ್ಲಿ ಆರು ಮೂಲೆಯ ಜಾಲವಾಗಿ ನಿಂತವು, ಬಾಲಗಳು ಮಾತ್ರ ಕರಗಿದಂತೆ ಆಡುತ್ತಿದ್ದವು. ಯರಿಯ ಹಾಳೆಗಳಲ್ಲಿ ಅಯಾನು ಮಾಡಿದ ಕೆಲಸವನ್ನು ಇಲ್ಲಿ ಉಂಗುರಗಳ ಪರಸ್ಪರ ಸೆಳೆತ ಮಾಡಿತು. ಚಂದ್ರಶೇಖರ್ 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಈಗ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನದ ಕೇಂದ್ರವಾಗಿ ಬೆಳೆದಿದೆ.

ಯರಿಯ ಹದದಲ್ಲಿ ಕಂಡ ಹತ್ತುವುದರ ಎರಡು ಮುಖ, ತನ್ನವರಿಗೆ ಹತ್ತುವುದು ಮತ್ತು ಪರರಿಗೆ ಹತ್ತುವುದು, ಜೋಳದ ರೊಟ್ಟಿ ಬಡಿಯುವವರಿಗೆ ದಿನನಿತ್ಯದ ವಿಷಯ. ಗೋಧಿ ಹಿಟ್ಟಿಗೆ ತಣ್ಣೀರು ಬಿದ್ದರೂ ಅದರ ಪ್ರೋಟೀನುಗಳು ಎಳೆ ಎಳೆಯಾಗಿ ಕೂಡಿ ಜಾಲವಾಗುತ್ತವೆ. ಜೋಳಕ್ಕೆ ಆ ಪ್ರೋಟೀನು ಇಲ್ಲ. ಅದಕ್ಕೇ ಕುದಿಯುವ ಎಸರು. ಜೋಳದ ಪಿಷ್ಟದ ಕಾಳುಗಳು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬಿ, ಒಳಗಿನ ಉದ್ದ ಸರಪಳಿಗಳನ್ನು ಹೊರಚೆಲ್ಲುತ್ತವೆ. ಆ ಸರಪಳಿಗಳು ಜಲಜನಕ ಬಂಧಗಳಿಂದ ಒಂದಕ್ಕೊಂದು ಹತ್ತಿ ಹಿಟ್ಟಿಗೆ ‘ಜಿಗಿ’ ತರುತ್ತವೆ. ನಾದುವವರ ಗುರಿ ಇಷ್ಟೇ: ಹಿಟ್ಟು ಹಿಟ್ಟಿಗೆ ಹತ್ತಬೇಕು, ಕೈಗೆ ಹತ್ತಬಾರದು. ಒಣ ಹಿಟ್ಟು ಉದುರಿಸಿಕೊಂಡು ಬಡಿಯುವುದು ಎರಡನೆಯದನ್ನು ತಡೆಯಲಿಕ್ಕೆ.

ಈಗ ಪಾರಿಭಾಷಿಕ ಪದದ ಮಾತು. ಅಣುಗಳು ತಾವಾಗಿ ಕೂಡುವ ಈ ವಿದ್ಯಮಾನಕ್ಕೆ ಪುಸ್ತಕದ ಕನ್ನಡದಲ್ಲಿ ‘ಸ್ವಯಂ ಜೋಡಣೆ’ ಎಂಬ ಬಳಕೆಯಿದೆ. ಪದ ಕೆಟ್ಟದ್ದಲ್ಲ. ಆದರೆ ಜೋಡಣೆ ಎಂದೊಡನೆ ಜೋಡಿಸುವವನೊಬ್ಬ ಕಣ್ಣಿಗೆ ಬರುತ್ತಾನೆ, ‘ಸ್ವಯಂ’ ಸೇರಿಸಿ ಅವನನ್ನು ಹೊರಹಾಕಬೇಕಾಗುತ್ತದೆ. ‘ಹತ್ತು’ ಎಂಬುದರಲ್ಲಿ ಅವನು ಮೊದಲೇ ಇಲ್ಲ. ಹತ್ತಿರ ಬರುವುದು, ಹತ್ತುವುದು, ಬಿಡುವುದು, ಕೆಲಸಕ್ಕೆ ಹತ್ತಿಯೇ ಇರುವುದು: ವಿದ್ಯಮಾನದ ನಾಲ್ಕು ಹಂತದಲ್ಲಿ ಮೂರು ಒಂದೇ ಬೇರಿನ ಪದಗಳಲ್ಲಿ ಸಿಗುತ್ತವೆ. ಪಾಠ ಹೇಳುವವರು ‘ಅಣುಗಳು ತಾವೇ ಹತ್ತಿ ಕೂಡುತ್ತವೆ’ ಎಂದರೆ ಸಿಂದಗಿಯ ಹುಡುಗಿಗೆ ಇನ್ನೊಂದು ವಿವರಣೆ ಬೇಕಾಗದು.

ಇದು ಪದದ ಸೊಗಸಿಗೆ ಮುಗಿಯುವ ಮಾತಲ್ಲ. ಎಲೆಕ್ಟ್ರಾನಿಕ್ ಚಿಪ್ ಮಾಡುವ ಕಾರಖಾನೆಯಲ್ಲಿ ಬೆಳಕಿನಿಂದ ಗೆರೆ ಕೊರೆದು ನ್ಯಾನೊ ರಚನೆ ಮಾಡುವುದು ಹಚ್ಚುವ ದಾರಿ. ಪ್ರತಿ ಗೆರೆಗೂ ಯಂತ್ರ ಬೇಕು, ಖರ್ಚು ಬೇಕು. ಹತ್ತುವ ದಾರಿಯಲ್ಲಿ ಮನುಷ್ಯ ಅಣುವಿಗೆ ಕೈ ಹಚ್ಚುವುದಿಲ್ಲ, ಶಾಖ, ನೀರು, ಲವಣಗಳ ಹದ ಮಾಡಿ ಬಿಡುತ್ತಾನೆ. ಸವಳು ಹತ್ತಿದ ಹೊಲವನ್ನು ತಿದ್ದುವ ಕ್ರಮವೂ ಅದೇ. ಕೋಟಿಕೋಟಿ ಹಾಳೆಗಳನ್ನು ಹಿಡಿದು ಒಂದರ ಮೇಲೊಂದು ಇಡಲು ಯಾವ ಯಂತ್ರಕ್ಕೂ ಆಗದು. ಅದರ ಬದಲು ಜಿಪ್ಸಂ ಹರಡುತ್ತಾರೆ, ಬಸಿಗಾಲುವೆ ತೆಗೆದು ನೀರು ಹಾಯಿಸುತ್ತಾರೆ. ಜಿಪ್ಸಂನ ಕ್ಯಾಲ್ಸಿಯಂ ಹಾಳೆಗಳ ನಡುವೆ ಹೋಗಿ ಕೂರುತ್ತದೆ, ಎದ್ದ ಸೋಡಿಯಂ ಸಲ್ಫೇಟಾಗಿ ಬಸಿದು ಹೋಗುತ್ತದೆ, ಬಿಟ್ಟ ಹಾಳೆಗಳು ಮತ್ತೆ ಹತ್ತುತ್ತವೆ. ಬಸಿಗಾಲುವೆ ಇಲ್ಲದೆ ಬರೀ ಜಿಪ್ಸಂ ಸುರಿದರೆ ಎದ್ದ ಸೋಡಿಯಂ ಹೊಲ ಬಿಟ್ಟು ಹೋಗದೆ ಅಲ್ಲೇ ಉಳಿಯುತ್ತದೆ, ಹಾಕಿದ ರೊಕ್ಕ ಹೊಲಕ್ಕೆ ಹತ್ತುವುದಿಲ್ಲ.